ಕ್ಯಾಚ್ ಫೆನ್ಸ್ ಹಾಕಿದರೆ ಮುಂದಿನ ಸಾಲಿಗೆ ರೇಸೇ ಕಾಣಲ್ಲ, ಏನು ದಾರಿ?

ಮೂರನೇಗೇರ್:
ಕಾರ್ ರೇಸ್ ಸರ್ಕ್ಯೂಟ್ ಒಂದರ ಪ್ರೇಕ್ಷಕರ ಜಾಗದ ನಕ್ಷೆ ತಿದ್ದುವ ಕೆಲಸ ಇದೆ. ತಲೆನೋವು ಎರಡು ಕಡೆ. ಮೇನ್ ಸ್ಟ್ರೇಟ್‌ನಲ್ಲಿ, ಅಂದ್ರೆ ಟ್ರ್ಯಾಕಿನ ಉದ್ದದ ನೇರ ಭಾಗದಲ್ಲಿ, 1 ಮೀಟರ್ ಕಾಂಕ್ರೀಟ್ ಗೋಡೆ, ಅದರ ಮೇಲೆ 2.5 ಮೀಟರ್ ಜಾಲರಿ (ಕಾರು, ಚಕ್ರ ಜನರ ಕಡೆ ಹಾರದಂತೆ ತಡೆಯುವ ಕ್ಯಾಚ್ ಫೆನ್ಸ್), ಒಟ್ಟು 3.5. ಕಾರುಗಳು ಅದರಿಂದ 6 ಮೀಟರ್ ಆಚೆ ಓಡುತ್ತವೆ. ಇನ್ನೊಂದು ಕಡೆ, ತಿರುವಿನ ಹೊರಬದಿಯಲ್ಲಿ, ಅದೇ ಎತ್ತರದ ಬೇಲಿ. ಆದರೆ ಬೇಲಿಗೂ ಕಾರಿಗೂ ನಡುವೆ 40 ಮೀಟರ್ ಜಲ್ಲಿ, ಬೇಲಿ ಹಿಂದೆ ಮಣ್ಣಿನ ದಿಬ್ಬ. ಎರಡೂ ಕಡೆ ಮೊದಲ ಸಾಲು ಬೇಲಿಯಿಂದ 8 ಮೀಟರ್ ಹಿಂದೆ. ದಿಬ್ಬದ ಕಡೆಯಾದರೂ ಬೇಲಿ ತಗ್ಗಿಸಬಹುದಾ? ಇಲ್ಲಾಂದ್ರೆ ಸ್ಟ್ರೇಟ್‌ನಲ್ಲಿ ಜನರನ್ನ ಇನ್ನಷ್ಟು ಹಿಂದಕ್ಕೆ ಸರಿಸಿದರೆ ಸರಿಹೋಗುತ್ತಾ?

ಜಲ್ಲಿಗುಂಡಿ:
ತಗ್ಗಿಸೋ ಮಾತು ಬಿಟ್ಟುಬಿಡಿ ಸಾರ್. ಜಲ್ಲಿ ಇದೆಯಲ್ಲ ಅನ್ನೋ ಧೈರ್ಯ ಬೇಡ. 2022ರ ಸಿಲ್ವರ್‌ಸ್ಟೋನ್ ಫಾರ್ಮುಲಾ ಒನ್ ರೇಸ್ ನೋಡಿ: ಚಾಲಕ ಝೌ ಗ್ವಾನ್‌ಯು ಕಾರು ತಲೆಕೆಳಗಾಗಿ ಜಾರಿಕೊಂಡು ಜಲ್ಲಿ ದಾಟಿ, ಟೈರ್ ಬ್ಯಾರಿಯರ್ ಮೇಲಿಂದ ಹಾರಿ, ಟೈರಿಗೂ ಜಾಲರಿಗೂ ನಡುವೆ ಸಿಕ್ಕಿಕೊಂಡಿತು. ಮಗುಚಿದ ಕಾರನ್ನ ಜಲ್ಲಿ ಹಿಡಿಯಲ್ಲ, ಚಕ್ರ ಹೂತುಕೊಂಡರೆ ತಾನೇ ಹಿಡಿಯೋದು. ಅಲ್ಲಿ ಜನರನ್ನ ಕಾಪಾಡಿದ್ದು ಬೇಲಿ.

ಇನ್ನು ಲೆಕ್ಕಕ್ಕೆ ಬನ್ನಿ. ಕಾರಿನ ಮೇಲೆ ನೆಲದಿಂದ ಅರ್ಧ ಮೀಟರ್ ಎತ್ತರದ ಒಂದು ಬಿಂದು ಹಿಡಿದುಕೊಳ್ಳಿ. ಅಲ್ಲಿಂದ ಬೇಲಿ ತುದಿಗೆ ಗೆರೆ ಎಳೆದು ಹಿಂದಕ್ಕೆ ಮುಂದುವರಿಸಿ. ಸ್ಟ್ರೇಟ್‌ನಲ್ಲಿ 6 ಮೀಟರಿಗೆ 3 ಮೀಟರ್ ಏರುತ್ತೆ, ಅಂದ್ರೆ ಮೀಟರಿಗೆ ಅರ್ಧ. 8 ಮೀಟರ್ ಹಿಂದೆ ಕೂತವರ ಕಣ್ಣು ಟ್ರ್ಯಾಕ್ ಮಟ್ಟದಿಂದ 7.5 ಮೀಟರ್ ಮೇಲಿರಬೇಕು. ಅವರನ್ನ 20 ಮೀಟರ್ ಹಿಂದಕ್ಕೆ ಹಾಕಿದರೆ 13.5 ಆಗುತ್ತೆ! ಹಿಂದೆ ಸರಿಸಿದಷ್ಟೂ ಕಷ್ಟವೇ.

ತಿರುವಿನಲ್ಲಿ ಇದೇ ಗೆರೆ 40 ಮೀಟರಿಗೆ 3 ಮೀಟರ್ ಮಾತ್ರ ಏರುತ್ತೆ. 8 ಮೀಟರ್ ಹಿಂದೆ ಕಣ್ಣಿಗೆ 4.1 ಮೀಟರ್ ಸಾಕು. ನಿಂತು ನೋಡುವವರಾದರೆ ದಿಬ್ಬದ ಮೊದಲ ಮೆಟ್ಟಿಲು ಸುಮಾರು 2.6 ಮೀಟರಿಗೆ ಬರುತ್ತೆ. ರನ್‌ಆಫ್ (ಟ್ರ್ಯಾಕಿಗೂ ಬೇಲಿಗೂ ನಡುವಿನ ಖಾಲಿ ಜಾಗ) ನೋಟ ಕಿತ್ತುಕೊಳ್ಳುತ್ತೆ ಅಂತ ಎಲ್ಲರೂ ಬೈತಾರೆ, ನಿಮ್ಮ ದಿಬ್ಬದಲ್ಲಿ ಬೇಲಿ ಮೇಲಿಂದ ನೋಟ ಕೊಡೋದೇ ಅದು. ಕಾರು ಚಿಕ್ಕದಾಗಿ ಕಾಣೋದು ನಿಜ. ಜಲ್ಲಿಯಲ್ಲಿ ಹೂತುಕೊಂಡ ಕಾರು ಮಾತ್ರ ಜಾಲರಿ ಮೂಲಕವೇ ಕಾಣೋದು, ಅದಕ್ಕೆ ಉಪಾಯ ಇಲ್ಲ.

ಹಳದಿಬಾವುಟ:
ಲೆಕ್ಕ ಸರಿ. ಆದರೆ ಎಲ್ಲರೂ ಬೇಲಿ ಮೇಲಿಂದಲೇ ನೋಡಬೇಕು ಅಂತೇನಿಲ್ಲ. ಯಾವ ಕೋನದಲ್ಲಿ ನೋಡ್ತಾರೆ ಅನ್ನೋದರ ಮೇಲೆ ಹೋಗುತ್ತೆ. 50 ಮಿಲಿಮೀಟರಿಗೊಂದು ತಂತಿ, ತಂತಿ ದಪ್ಪ 4 ಮಿಲಿಮೀಟರ್, ಅಂಥ ಜಾಲರಿ ತಗೊಳ್ಳಿ. ನೇರ ಎದುರಿನಿಂದ ನೋಡಿದರೆ ಲಂಬ ತಂತಿಗಳು ನೂರಕ್ಕೆ 8 ಭಾಗ ಮುಚ್ಚುತ್ತವೆ. 80 ಡಿಗ್ರಿ ಓರೆಯಾಗಿ ನೋಡಿದರೆ 46! ಕಂಬಗಳೂ ಒಂದರ ಪಕ್ಕ ಒಂದು ಬಂದು ಗೋಡೆಯಾಗ್ತವೆ. ಸ್ಟ್ರೇಟ್‌ನಲ್ಲಿ ದೂರದಿಂದ ಬರುವ ಕಾರು ನೋಡಲು ಎಲ್ಲರೂ ಕತ್ತು ತಿರುಗಿಸೋದು ಆ ಕಡೆಗೇ. ಹಾಗಾಗಿ ಕಡಿಮೆ ಎತ್ತರದ ಸೀಟುಗಳನ್ನ ಸ್ಟ್ರೇಟ್ ಮುಗಿಯುವ ತುದಿಯಲ್ಲಿ, ಕಾರು ಎದುರಿಗೇ ಬರುವ ಕಡೆ ಇಡಿ. ಅಲ್ಲಿ ಜಾಲರಿ ಅಷ್ಟಾಗಿ ಅಡ್ಡ ಬರಲ್ಲ.

ಬಣ್ಣ: ಹೊಳಪಿಲ್ಲದ ಕಪ್ಪು. ಬರೀ ಗ್ಯಾಲ್ವನೈಸ್ಡ್ ತಂತಿ ಬಿಸಿಲಿಗೆ ಮಿನುಗಿ ಕಣ್ಣು ಅಲ್ಲೇ ನಿಲ್ಲುತ್ತೆ. ತೆಳುವಾಗಿ ಹೊಡೆಯಿರಿ, ದಪ್ಪ ಬಳಿದರೆ ತುಂಡಾದ ಎಳೆ, ತುಕ್ಕು ಎರಡೂ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಜಾಹೀರಾತು ಬಟ್ಟೆ ಕಟ್ಟಲು ಬಿಡಬೇಡಿ. ನೋಟ ಹಾಳು, ಜೊತೆಗೆ ಗಾಳಿಗೆ ಹಾಯಿಯ ಹಾಗೆ ಉಬ್ಬಿ ಕಂಬದ ಬುಡ ಅಲ್ಲಾಡಿಸುತ್ತೆ.

ಆರ್ಮ್ಕೋ:
ಎತ್ತರದ ಚರ್ಚೆಯಲ್ಲಿ ಸಂದಿ ಮರೀಬೇಡಿ. 2001ರಲ್ಲಿ ಮೆಲ್ಬರ್ನ್ ಫಾರ್ಮುಲಾ ಒನ್ ರೇಸಿನಲ್ಲಿ ಕಳಚಿದ ಚಕ್ರ ಬೇಲಿಯಲ್ಲಿ ಬಿಟ್ಟಿದ್ದ ಸಂದಿಯಿಂದ ತೂರಿ ಒಬ್ಬ ಮಾರ್ಷಲ್ (ಟ್ರ್ಯಾಕ್ ಪಕ್ಕ ಸುರಕ್ಷತೆ ನೋಡಿಕೊಳ್ಳುವವರು) ಸತ್ತರು. 2013ರಲ್ಲಿ ಅಮೆರಿಕದ ಡೇಟೋನಾ ರೇಸ್ ಟ್ರ್ಯಾಕಿನಲ್ಲಿ ಕಾರು ಬಡಿದದ್ದು ಟ್ರ್ಯಾಕ್ ದಾಟುವ ಗೇಟಿನ ಹತ್ತಿರ. ಎಂಜಿನ್ ಕಿತ್ತು ಬೇಲಿ ಸೀಳಿತು, ಚಕ್ರ ಸ್ಟ್ಯಾಂಡ್‌ಗೆ ಬಿತ್ತು, ಇಪ್ಪತ್ತಕ್ಕೂ ಹೆಚ್ಚು ಪ್ರೇಕ್ಷಕರಿಗೆ ಗಾಯ. ಬೇಲಿಯ ಹಗ್ಗದಂಥ ಉಕ್ಕಿನ ಕೇಬಲ್‌ಗಳು ಗೇಟಿನ ಹತ್ತಿರ ನಿಂತುಹೋಗ್ತವೆ, ಬಲ ಮುಂದಿನ ಕಂಬಕ್ಕೆ ಹರಿಯಲ್ಲ.

ಮಾರ್ಷಲ್ ದಾರಿ ಬೇಕೇ ಬೇಕು ಅಂದ್ರೆ ಎರಡು ಬೇಲಿ ತುದಿಗಳನ್ನ ಒಂದರ ಹಿಂದೊಂದು ಹಾಯಿಸಿ. ಬಾಯಿ ಕಾರು ಹೋಗುವ ದಿಕ್ಕಿಗೆ ತೆರೆದಿರಲಿ, ಬರುವ ದಿಕ್ಕಿಗಲ್ಲ. ಆ ಸಂದಿಯ ಹಿಂದೆ ಸೀಟು ಬೇಡ.

20 ಕಿಲೋ ಚಕ್ರ ಗಂಟೆಗೆ 180 ಕಿಲೋಮೀಟರ್‌ನಲ್ಲಿ ಬಂದರೆ 25 ಕಿಲೋಜೂಲ್. ಜಾಲರಿ ಹಿಂದಕ್ಕೆ ಉಬ್ಬಿಯೇ ಅದನ್ನ ತಡೆಯೋದು. ಅದಕ್ಕೇ ಜನರನ್ನ ತಡೆಯುವ ಎರಡನೇ ಬೇಲಿ ಬೇರೆ ಇರಬೇಕು. ನಡುವಿನ ಜಾಗ ಸರ್ವಿಸ್ ರಸ್ತೆ, ಆಂಬುಲೆನ್ಸ್‌ಗೆ, ಫೋಟೋ ತೆಗೆಯೋರಿಗಲ್ಲ.

ಮೂರನೇಗೇರ್:
ತುಂಬಾ ಉಪಯೋಗ ಆಯ್ತು. ಮೆಟ್ಟಿಲು ಎಷ್ಟೆಷ್ಟು ಎತ್ತರ ಕೊಡಲಿ? ಅಗಲ 80 ಸೆಂಟಿಮೀಟರ್.

ಜಲ್ಲಿಗುಂಡಿ:
ಸಿ ವ್ಯಾಲ್ಯೂ ಲೆಕ್ಕ ಹಾಕಿ, ಅಂದ್ರೆ ಮುಂದಿನವರ ಕಣ್ಣಿನ ಮಟ್ಟಕ್ಕಿಂತ ನಿಮ್ಮ ನೋಟದ ಗೆರೆ ಎಷ್ಟು ಮೇಲೆ ಹಾಯುತ್ತೆ ಅಂತ. 60 ಮಿಲಿಮೀಟರ್ ಕನಿಷ್ಠ, 90 ಒಳ್ಳೆಯದು. ದಿಬ್ಬದಲ್ಲಿ ಮೊದಲೆರಡು ಸಾಲಿಗೆ 15 ಸೆಂಟಿಮೀಟರ್ ಏರಿಕೆ ಕೊಟ್ಟರೆ 88 ಸಿಗುತ್ತೆ. ಸ್ಟ್ರೇಟ್‌ನಲ್ಲಿ ಅಷ್ಟೇ ಸಿಗಬೇಕಾದರೆ ಮೊದಲೆರಡು ಸಾಲಿಗೇ ಸುಮಾರು 50 ಸೆಂಟಿಮೀಟರ್, ಇಳಿಜಾರು 32 ಡಿಗ್ರಿ. ಬ್ರಿಟನ್ನಿನ ಕ್ರೀಡಾಂಗಣ ಮಾರ್ಗಸೂಚಿ ಸೀಟಿರುವ ಸ್ಟ್ಯಾಂಡ್‌ಗೆ ಹಾಕಿರುವ ಮಿತಿ 34. ಹಿಂದಿನ ಸಾಲುಗಳಿಗೆ ಏರಿಕೆ ಇನ್ನೂ ಜಾಸ್ತಿ ಬೇಕಾಗಿ ಮಿತಿಗೆ ತಾಗ್ತೀರಿ. ಸ್ಟ್ರೇಟ್‌ನಲ್ಲಿ ಕೆಲವೇ ಸಾಲು ಇಟ್ಟು, ಉಳಿದ ಜನರನ್ನ ದಿಬ್ಬಕ್ಕೆ ಕಳಿಸಿ.

ಹಾಗೆ ಕಳಿಸೋ ಮುಂಚೆ ಹೊರದಾರಿ ಅಳೆಯಿರಿ. ಅದೇ ಮಾರ್ಗಸೂಚಿಯಂತೆ ಸಮತಟ್ಟಿನಲ್ಲಿ ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ, ಮೆಟ್ಟಿಲಲ್ಲಿ 66. 5,000 ಜನ 8 ನಿಮಿಷದಲ್ಲಿ ಖಾಲಿಯಾಗಬೇಕಾದರೆ ಒಟ್ಟು ಮೆಟ್ಟಿಲ ಅಗಲ 9.5 ಮೀಟರ್. ಇಳಿಯೋದು ದಿಬ್ಬದ ಹಿಂಬದಿಗೆ, ಟ್ರ್ಯಾಕ್ ಕಡೆಗಲ್ಲ.