ಅಪ್ಪನ ಜಿಪ್ಸಿ ಮಾರ್ಬೇಕು, ಅನುಭವ ಇರೋರು ಹೇಳಿ

1998ರ ಮಾರುತಿ ಜಿಪ್ಸಿ ಕಿಂಗ್ ಜೀಪು, ಸಾಫ್ಟ್ ಟಾಪ್ (ಬಟ್ಟೆ ಚಾವಣಿ), ಮೂಡಿಗೆರೆ ಹತ್ರ ತೋಟದಲ್ಲಿದೆ. ಅಪ್ಪ ತುಂಬಾ ಚೆನ್ನಾಗಿ ಇಟ್ಕೊಂಡಿದ್ರು, ಅವ್ರು ಹೋದ್ಮೇಲೆ ಓಡ್ಸೋರಿಲ್ಲ. ಆರ್‌ಸಿ ಇನ್ನೂ ಅವ್ರ ಹೆಸರಲ್ಲೇ, ರಿನ್ಯೂವಲ್ 2023ಕ್ಕೆ ಮುಗಿದಿದೆ. ಬ್ರೋಕರ್‌ಗಳು ಗುಜರಿ ರೇಟ್ ಹೇಳ್ತಿದಾರೆ. ಏನ್ ಮಾಡ್ಲಿ?

ಸಕಲೇಶಪುರದಿಂದ:
ಬ್ರೋಕರ್‌ಗೆ ಕೊಡ್ಲೇಬೇಡಿ. ಜಿಪ್ಸಿ ಮಾರಾಟ 2019ರ ಹೊತ್ತಿಗೇ ನಿಂತೋಯ್ತು, ಈಗ ಒರಿಜಿನಲ್ ಇರೋದನ್ನ ಹುಡ್ಕೊಂಡು ಬರ್ತಾರೆ. ಅದೇ ಕಂಪನಿಯ ಹೊಸ ಜಿಮ್ನಿ ಬಂದಿದೆಯಲ್ಲ ಅಂತಾರೆ ಕೆಲವ್ರು, ಅದು ಬೇರೆ ಗಾಡಿ ಮಾರಾಯ್ರೆ, ಜಿಪ್ಸಿಯ ಗಡುಸು ಲೀಫ್ ಸ್ಪ್ರಿಂಗಲ್ಲಿ (ಕಬ್ಬಿಣದ ಪಟ್ಟಿ ಸ್ಪ್ರಿಂಗ್) ಸೊಂಟ ಮುರ್ಕೊಳೋದೇ ಇಷ್ಟ ಪಡೋ ಜನ ಇದು ತಗೊಳೋರು. ಆದ್ರೆ ಮಾರೋಕೆ ಅಂತ ಹೊಸ ಪೇಂಟ್ ಹೊಡೆಸ್ಬೇಡಿ, ನಾನು ತಗೊಳಕ್ಕೆ ಹೋದಾಗ ಪಳಪಳ ಹೊಳೆಯೋ ಗಾಡಿ ಕಂಡ್ರೆ ಮೊದ್ಲು ಒಳಗೆ ತುಕ್ಕು ಮುಚ್ಚೋಕೆ ಮೆತ್ತಿದ ಪುಟ್ಟಿ ಎಷ್ಟಿದೆ ಅಂತಲೇ ನೋಡೋದು. ನಮ್ ಮಳೆಗೆ ಫ್ಲೋರ್, ವೀಲ್ ಆರ್ಚ್, ಚಾಸಿ ಎಲ್ಲಾ ತುಕ್ಕು ಹಿಡಿಯತ್ತೆ, ಅದಕ್ಕೆ ಅಡಿ ತೊಳೆದು ಮ್ಯಾಟ್ ಎತ್ತಿ ಇದ್ದದ್ದು ಇದ್ದಂಗೆ ಫೋಟೋ ಹಾಕಿ. ಅಲಾಯ್ ವೀಲ್ ಹಾಕಿದ್ರೆ ತೆಗೆದು ಹಳೇ ವೀಲ್ ಹಾಕಿ.

ಧಾರವಾಡದಿಂದ:
ಮಿಲಿಟರಿ ಹರಾಜಿನ ಜಿಪ್ಸಿ ಭಾಳ ಓಡ್ಯಾಡ್ತಾವ್ರೀ, ತಗೊಳಾವ್ರು ನಿಮ್ದೂ ಅಂಥದ್ದೇ ಏನೋ ಅಂತ ಸಂಶಯ ಪಡ್ತಾರ. ನಿಮ್ದು ಮೊದಲ್ನೇ ಓನರ್ ಗಾಡಿ ಅಲ್ಲೇನ್ರೀ, ಚಾಸಿ ನಂಬರ್ ತೋರ್ಸ್ರೀ, ಹಳೇ ಸರ್ವಿಸ್ ಬಿಲ್ ಇದ್ರ ತೋರ್ಸ್ರೀ, ರೇಟ್ ಅಲ್ಲೇ ಏರ್ತದ. ಇನ್ನೊಂದು, ಫೋರ್ ವೀಲ್ ಡ್ರೈವ್ (ನಾಲ್ಕೂ ಗಾಲಿಗೆ ಎಂಜಿನ್ ಶಕ್ತಿ) ಬೀಳ್ತದ ಅಂತ ಬರೇ ಹೇಳಿದ್ರ ಆಗಂಗಿಲ್ಲ, ಕೆಸರಾಗ ಓಡಿಸಿ ತೋರಿಸ್ಬೇಕು. ಒಣ ಡಾಂಬರ್ ಮ್ಯಾಲ ಮಾತ್ರ ಬ್ಯಾಡ್ರಿ, ಮುಂದಿನ ಹಿಂದಿನ ಗಾಲಿ ಬ್ಯಾರೆ ಬ್ಯಾರೆ ವೇಗದಾಗ ತಿರುಗಾಕ ಬಿಡೋ ನಡುವಿನ ಡಿಫರೆನ್ಷಿಯಲ್ ಇದಕ್ಕಿಲ್ಲ, ತಿರುಗಿಸಿದ್ರ ಗಾಡಿ ಬಿಗಿ ಹಿಡೀತದ, ತಗೊಳಾಂವ ಹೆದರಿ ವಾಪಸ್ ಹೋಗ್ತಾನ.

ಮೈಸೂರಿಂದ:
ಎಲ್ಲಾ ಸರಿ, ಆದ್ರೆ ಮೊದ್ಲು ಪೇಪರ್. ತಂದೆ ಹೆಸರಲ್ಲಿರೋದನ್ನ ಹಂಗೇ ಮಾರಕ್ಕಾಗಲ್ಲ, ಓನರ್ ತೀರ್ಕೊಂಡಾಗ ಹಾಕೋ ಫಾರ್ಮ್ 31 ಹಾಕಿ ನಿಮ್ಮ ಹೆಸರಿಗೆ ಮಾಡ್ಸ್ಕೊಳಿ, ಅಣ್ಣ ತಮ್ಮ ಅಕ್ಕ ತಂಗಿ ಇದ್ರೆ ಒಪ್ಪಿಗೆ ಮೊದ್ಲೇ ಬರೆಸ್ಕೊಳಿ. ಆರ್‌ಟಿಓಗೆ ಗಾಡಿ ತೋರ್ಸಿ 5 ವರ್ಷಕ್ಕೆ ರಿನ್ಯೂವಲ್ ಮಾಡ್ಸಿ. ಆಮೇಲೆ ತಗೊಳೋರ ಹೆಸರಿಗೆ ಮಾಡೋಕೆ ಫಾರ್ಮ್ 29, 30. ಕೇರಳದೋರು ಬಂದ್ರೆ ಬೇರೆ ರಾಜ್ಯಕ್ಕೆ ಹೋಗೋಕೆ ಆರ್‌ಟಿಓ ಕೊಡೋ ಎನ್‌ಒಸಿಗೆ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಫಾರ್ಮ್ 28 ಕೂಡ. ಹೆಸರು ಬದಲಾಗೋವರೆಗೂ ಆಕ್ಸಿಡೆಂಟ್ ಆದ್ರೆ ಆರ್‌ಸಿಲಿರೋನೇ ಓನರ್ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಹಂಗಾಗಿ ಸ್ಟಾಂಪ್ ಪೇಪರ್ ಮೇಲೆ ಸೈನ್ ಮಾಡಿ ಕೀ ಕೊಟ್ಟು ಕೈ ತೊಳ್ಕೊಳೋ ಕೆಲ್ಸ ಬೇಡ. ಅಂದಹಾಗೆ ಎರಡನೇ ಕೀ, ಜಾಕ್, ಟೂಲ್ ಕಿಟ್ ಇದೆಯಾ? ಬಣ್ಣ ಯಾವ್ದು?