ಮುತ್ತಾತನ ಅಪ್ಪ ಯಾರು? ಹಳೇ ಕಾಗದಗಳಲ್ಲಿ ಹುಡುಕುವ ಬಗೆ

ಕೇಳಿದವರು: ಮುತ್ತಾತ ಹುಟ್ಟಿದ್ದು ಸುಮಾರು 1920ರಲ್ಲಿ, ಮದ್ದೂರು ಕಡೆಯ ಹಳ್ಳಿಯಲ್ಲಿ. ಅವರಮ್ಮ ನಿಂಗಮ್ಮನಿಗೆ ಮದುವೆಯಾಗಿರಲಿಲ್ಲವಂತೆ. ಆಕೆಯ ಹೆಸರಿನಲ್ಲಿ ಎರಡು ಎಕರೆ ಇತ್ತು. ತಂದೆ ಯಾರೆಂದು ಮನೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಬಾಂಡ್ ರೈಟರ್, ಮದ್ದೂರು: ಆ ಎರಡು ಎಕರೆಯಿಂದಲೇ ಸಾರ್. ಇಂಥ ಅಪ್ಪನ ಹೆಸರು ಜನನ ರಿಜಿಸ್ಟರಿನಲ್ಲಿ ಸಿಗುವುದು ಅಪರೂಪ, ಜಮೀನು ಕೈ ಬದಲಾದ ಕಡೆ ಸಿಗುತ್ತದೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸರ್ವೆ ನಂಬರ್ ಕೊಟ್ಟು ಐ.ಎಲ್. (ಜಮೀನುಗಳ ಸೂಚಿ), ಆರ್.ಆರ್. (ಹಕ್ಕು ದಾಖಲೆ), ಮ್ಯುಟೇಷನ್ (ಖಾತೆ ಬದಲಾವಣೆ) ನಕಲು ತೆಗೆಸಿ. ನಿಂಗಮ್ಮನ ಹೆಸರಿನ ಮುಂದೆ 'ಕೋಂ' ಇದ್ದರೆ ಅದರ ಬೆನ್ನಿಗಿರುವುದು ಗಂಡನ ಹೆಸರು, 'ಬಿನ್' ಇದ್ದರೆ ಅಪ್ಪನದು. 'ಕೋಂ' ಕಂಡರೆ ಮದುವೆ ಆಗಿರಲಿಲ್ಲ ಅನ್ನುವ ಮಾತನ್ನೇ ಅನುಮಾನಿಸಿ. ಕೂಡಾವಳಿ, ಅಂದರೆ ಧಾರೆಯಿಲ್ಲದ ಕೂಡಿಕೆ ಮದುವೆ, ಆಗಿರಬಹುದು. ಧಾರೆ ಎರೆಯದಿದ್ದರೆ ಹಳಬರು ಅದನ್ನು ಮದುವೆ ಅನ್ನುತ್ತಲೇ ಇರಲಿಲ್ಲ.

ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿ. ಅಷ್ಟು ಹಳೆಯದಕ್ಕೆ ಕಂಪ್ಯೂಟರ್ ಇ.ಸಿ. (ಋಣಭಾರ ಪತ್ರ) ಬರುವುದಿಲ್ಲ, ಕೈಬರಹದ ಇಂಡೆಕ್ಸೇ ಗತಿ: ಒಂದನೆಯದು ಹೆಸರಿನ ಮೇಲೆ, ಎರಡನೆಯದು ಸ್ವತ್ತಿನ ಮೇಲೆ. 1918ರಿಂದ 1940ರವರೆಗೆ ನಿಂಗಮ್ಮ ಬರೆಸಿಕೊಂಡ ಪತ್ರಗಳನ್ನು ಹುಡುಕಿ. 'ಲಿಂಗಮ್ಮ' ಅಂತಲೂ ನೋಡಿ, ಅದು ಬರೆಯುವವನ ಮರ್ಜಿ. ಬಂಧುವಲ್ಲದ ಗಂಡಸು ಕಾರಣ ಹೇಳದೆ ದಾನ ಕೊಟ್ಟಿದ್ದರೆ, ತೀರಾ ಕಮ್ಮಿ ಬೆಲೆಗೆ ಕ್ರಯ ಮಾಡಿದ್ದರೆ, ಮೈನರ್ ಮಗುವಿಗೆ ಬರೆದು ತಾಯಿಯನ್ನು ಗಾರ್ಡಿಯನ್ ಮಾಡಿದ್ದರೆ ಆ ಹೆಸರು ಗುರುತು ಹಾಕಿಕೊಳ್ಳಿ. ಚಕ್ಕುಬಂದಿಯನ್ನೂ, ಅಂದರೆ ಪತ್ರದಲ್ಲಿ ಬರೆದ ನಾಲ್ಕು ದಿಕ್ಕಿನ ಗಡಿಯನ್ನೂ, ಬಿಡಬೇಡಿ. ಕೊಟ್ಟವನ ಉಳಿದ ಜಮೀನು ಪಕ್ಕದಲ್ಲೇ ಇರುವುದುಂಟು.

ಮೈಸೂರಿನಿಂದ ಒಬ್ಬರು: ಒಂದು ಸೇರಿಸುತ್ತೇನೆ. ಮಂಡ್ಯ ಜಿಲ್ಲೆ ಆಗಿದ್ದು 1939ರಲ್ಲಿ. ಅದಕ್ಕೂ ಹಿಂದಿನ ಜಿಲ್ಲಾ ಮಟ್ಟದ ಕಡತ ಮೈಸೂರು ಜಿಲ್ಲೆಯ ಹೆಸರಿನಲ್ಲಿರುತ್ತದೆ. 'ಮಂಡ್ಯದಲ್ಲಿಲ್ಲ' ಅಂದರೆ ಕಡತವೇ ಇಲ್ಲ ಅಂತ ಅರ್ಥವಲ್ಲ.

ಜನನ ದಾಖಲೆಯನ್ನೂ ಒಮ್ಮೆ ನೋಡಿಬಿಡಿ, ಆದರೆ ಮಗುವಿನ ಹೆಸರಿನಿಂದ ಹುಡುಕಬೇಡಿ. ನಾಮಕರಣಕ್ಕೆ ಮುಂಚೆಯೇ ಬರೆಸಿದ್ದರೆ ಆ ಕಾಲಂ ಖಾಲಿ ಇರುತ್ತದೆ. ಊರು ಹಿಡಿದು ತಾಯಿ ಹೆಸರು ನೋಡಿ. ತಂದೆಯ ಜಾಗದಲ್ಲಿ ಯಾವುದೋ ಹೆಸರು ಸಿಕ್ಕರೆ ಹಿಗ್ಗಬೇಡಿ, ನಿಂಗಮ್ಮನ ಅಪ್ಪನದೋ ಅಣ್ಣನದೋ ಆಗಿರಬಹುದು. ಶಾಲೆಯ ದಾಖಲಾತಿ ಪುಸ್ತಕದಲ್ಲೂ ಇದೇ ಎಡವಟ್ಟು, ಪೋಷಕರೇ ತಂದೆಯಾಗಿಬಿಡುತ್ತಾರೆ.

ವಕೀಲರು, ಮಂಡ್ಯ: ಪಾಲಿನ ದಾವೆಗಳನ್ನು ಯಾರೂ ಹೇಳಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮುಂಚೆ, ಮಿತಾಕ್ಷರ ಎಂಬ ಹಳೆಯ ಹಿಂದೂ ಕಾನೂನಿನ ಪ್ರಕಾರ, ಶೂದ್ರರೆಂದು ಕರೆಯಲಾಗುತ್ತಿದ್ದ ಜಾತಿಗಳಲ್ಲಿ ಕಾಯಂ ಇಟ್ಟುಕೊಂಡವಳ ಮಗನಿಗೆ, ಅಂದರೆ 'ದಾಸೀಪುತ್ರ'ನಿಗೆ, ತಂದೆಯ ಸ್ವತ್ತಿನಲ್ಲಿ ಪಾಲಿತ್ತು: ತಂದೆ ಸತ್ತ ಮೇಲೆ, ಸಕ್ರಮ ಮಗನಾಗಿದ್ದರೆ ಬರುತ್ತಿದ್ದುದರ ಅರ್ಧ. ಹಾಗಾಗಿ ಅನುಮಾನವಿರುವ ಮನೆಯ ಪಾರೀಖತ್ತು (ಪಾಲುಪತ್ರ), ಹಳೆಯ ಕೋರ್ಟ್ ಡಿಕ್ರಿ ಓದಿ. ದಾವೆ ಅರ್ಜಿಯಲ್ಲಿರುವುದು ಬರೀ ಆರೋಪ. ತೀರ್ಪು ಏನು ಹೇಳಿತು ಎಂಬುದೇ ಮುಖ್ಯ.

ಕೇಳಿದವರು: ಡಿ.ಎನ್.ಎ. ಟೆಸ್ಟ್ ಮಾಡಿಸಿದರೆ ಇಷ್ಟೆಲ್ಲ ಓಡಾಟ ತಪ್ಪುತ್ತಲ್ವಾ?

ಮೈಸೂರಿನಿಂದ ಅವರೇ: ತಪ್ಪುವುದಿಲ್ಲ. ಹೋಲಿಸಲು ಅನುಮಾನವಿರುವ ಮನೆಯವರೂ ಒಪ್ಪಿ ಮಾದರಿ ಕೊಡಬೇಕು, ಅಂದರೆ ಮೊದಲು ಕಾಗದದಲ್ಲಿ ಹೆಸರು ಸಿಗಬೇಕು. ಕೊಡುವುದಾದರೂ ನೀವಲ್ಲ, ಮುತ್ತಾತನ ಮಕ್ಕಳು ಯಾರಾದರೂ ಇದ್ದರೆ ಅವರದನ್ನು ಕೊಡಿಸಿ. ಆ ತಂದೆಗೆ ಬೇರೆ ಹೆಂಡತಿಯ ಕಡೆಯಿಂದಿರುವ ಮೊಮ್ಮಗನಿಗೂ ಅವರಿಗೂ ಡಿ.ಎನ್.ಎ. ಸರಾಸರಿ ಶೇ. 6.25 ಹೊಂದಬೇಕು, ಎರಡೂ ಕಡೆ ನಿಮ್ಮ ತಲೆಮಾರಿಗೆ ಬರುವಷ್ಟರಲ್ಲಿ ಅದು ಶೇ. 0.4. ನಮ್ಮಲ್ಲಿ ಸೋದರಮಾವ, ಅತ್ತೆ ಮಗ ಅಂತ ಒಳಗೊಳಗೇ ಮದುವೆ ಆಗಿರುವುದರಿಂದ ಅಷ್ಟು ಹೋಲಿಕೆ ಯಾರೊಂದಿಗೆ ಬೇಕಾದರೂ ಬಂದೀತು. ಗಂಡುಸಂತತಿ ಎಲ್ಲೂ ಕಡಿಯದಿದ್ದರೆ ವೈ ಪರೀಕ್ಷೆ (ತಂದೆಯಿಂದ ಮಗನಿಗೆ ಮಾತ್ರ ಬರುವ ವೈ ಕ್ರೋಮೋಸೋಮಿನದು) ಮನೆತನ ತೋರಿಸುತ್ತದೆ, ತಂದೆ ಆ ಮನೆಯ ಅಣ್ಣನೋ ತಮ್ಮನೋ ಹೇಳುವುದಿಲ್ಲ.

ಬಾಂಡ್ ರೈಟರ್: ಹೆಸರು ಸಿಕ್ಕ ಮೇಲೆ ಅವನ ಉಯಿಲು ಇದೆಯಾ ನೋಡಿಸಿ. ನೋಂದಣಿಯಾದ ಉಯಿಲು ಇರುವುದು ಸಬ್ ರಿಜಿಸ್ಟ್ರಾರ್ ಕಚೇರಿಯ ಮೂರನೇ ಪುಸ್ತಕದಲ್ಲಿ. ಅದನ್ನು ನಾವು ನೀವು ತಿರುವಿ ನೋಡುವಂತಿಲ್ಲ, ಕಚೇರಿಯವರೇ ಹುಡುಕಿ ಕೊಡಬೇಕು. ಬರೆದವನು ಸತ್ತಿದ್ದರೆ ಯಾರು ಅರ್ಜಿ ಹಾಕಿದರೂ ನಕಲು ಕೊಡಬೇಕೆಂದು ನೋಂದಣಿ ಕಾಯ್ದೆಯ 57ನೇ ಕಲಂ ಹೇಳುತ್ತದೆ. 'ನೀವು ವಾರಸುದಾರರಲ್ಲ' ಅಂತ ವಾಪಸ್ ಕಳಿಸಿದರೆ, ಮರಣ ಪ್ರಮಾಣಪತ್ರ ಲಗತ್ತಿಸಿ ಕಲಂ ನಮೂದಿಸಿ ಬರವಣಿಗೆಯಲ್ಲೇ ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.