ಕಾರವಾರದ ಗಾಳಿಯಲ್ಲಿ ವಾಂಡಾ ಆರ್ಕಿಡ್ ಬೆಳೆಸಿದವರು ಅನುಭವ ಹೇಳ್ತೀರಾ?

ಕೇಳಿದವರು, ಕಾರವಾರದ ಕೋಡಿಬಾಗದಿಂದ:

ಎಲ್ಲರಿಗೂ ನಮಸ್ಕಾರ. ನಮ್ಮದು ಎರಡನೇ ಮಹಡಿಯ ಮನೆ. ಪೂರ್ವಕ್ಕೆ ಒಂದು ಬಾಲ್ಕನಿ ಇದೆ. ಹೋದ ದೀಪಾವಳಿ ಹೊತ್ತಿಗೆ ಗೋವಾ ಕಡೆಯ ನರ್ಸರಿಯಿಂದ ಎರಡು ವಾಂಡಾ ತಂದೆ. ಒಂದು ನೇರಳೆ, ಒಂದು ಗುಲಾಬಿ. ತಂದಾಗ ಹೂವಿತ್ತು, ಒಂದು ತಿಂಗಳು ಬಾಡದೆ ನಿಂತಿತ್ತು. ಆಮೇಲೆ ಹೂವಿನ ಸುಳಿವೇ ಇಲ್ಲ. ಬುಡದ ಎಲೆಗಳು ಹಳದಿಯಾಗಿ ಒಂದೊಂದೇ ಉದುರುತ್ತಿವೆ. ಉಳಿದವು ಉದ್ದಕ್ಕೆ ಮಡಚಿಕೊಂಡು ಸುಕ್ಕಾಗಿವೆ. ಬುಟ್ಟಿಯಿಂದ ಜೋತು ಬಿದ್ದ ಬೇರುಗಳಲ್ಲಿ ಅರ್ಧ ಒಣಗಿದ ಹಾಗೆ ಕಾಣುತ್ತವೆ. ದಿನಾ ಸ್ಪ್ರೇ ಮಾಡುತ್ತೇನೆ, ತಪ್ಪಿಸಿಲ್ಲ. ತೆಂಗಿನ ಸಿಪ್ಪೆ ತುಂಬಿ ಕುಂಡಕ್ಕೆ ಹಾಕಿಬಿಡಿ ಅಂತ ಪರಿಚಯದವರು ಹೇಳುತ್ತಾರೆ. ಈಗ ಮೇ ಮೊದಲ ವಾರ. ಮಳೆ ಬರುವ ಮೊದಲು ಏನು ಮಾಡಲಿ?

ಕಾರವಾರದ ಹಬ್ಬುವಾಡದಿಂದ:

ಅಕ್ಕಾ, ಗಿಡ ಸತ್ತಿಲ್ಲ, ಬಾಯಾರಿದೆ. ಎಲೆ ಮಡಚುವುದು, ಬುಡದ ಎಲೆ ಉದುರುವುದು ಎರಡೂ ನೀರು ಸಾಲದ ಗುರುತು. ಸ್ಪ್ರೇ ಮಾಡಿದರೆ ಬೇರಿನ ಮೈ ಒದ್ದೆಯಾಗುತ್ತದೆ ಅಷ್ಟೇ, ನೀರು ಒಳಗೆ ಇಳಿಯುವುದಿಲ್ಲ. ಮೊದಲ ಎರಡು ವರ್ಷ ನಾನೂ ಸ್ಪ್ರೇ ಬಾಟಲಿ ನಂಬಿಕೊಂಡೇ ಇದ್ದೆ. ಮೂರು ಗಿಡ ಹೋದವು.

ನಾಳೆ ಬೆಳಿಗ್ಗೆ ಒಂದು ಬೇರನ್ನು ಹತ್ತಿರದಿಂದ ನೋಡಿ. ಒಣಗಿದಾಗ ಅದು ಬೆಳ್ಳಿ ಬಣ್ಣ ಇರುತ್ತದೆ. ಮೇಲಿನ ಬಿಳಿ ಪದರಕ್ಕೆ ವೆಲಾಮೆನ್ ಅನ್ನುತ್ತಾರೆ, ಸ್ಪಂಜಿನ ಹಾಗೆ ನೀರು ಹೀರುತ್ತದೆ. ಚೊಂಬಿನಿಂದ ನಿಧಾನ ನೀರು ಬಿಡಿ. ಮೊದಲು ಅಲ್ಲೊಂದು ಇಲ್ಲೊಂದು ಹಸಿರು ಮಚ್ಚೆ ಏಳುತ್ತದೆ. ಅಲ್ಲಿಗೆ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಬಿಡಿ. ಈ ಸಲ ಬೇರು ಪೂರ್ತಿ ಹಸಿರಾಗುತ್ತದೆ. ನಡುವೆ ಸಣ್ಣ ಬಿಳಿ ಗೀಟುಗಳು ಉಳಿದರೆ ಹೆದರಬೇಡಿ. ಅವು ಬೇರು ಗಾಳಿ ತೆಗೆದುಕೊಳ್ಳುವ ಜಾಗ, ಎಷ್ಟು ನೀರು ಬಿಟ್ಟರೂ ಹಸಿರಾಗುವುದಿಲ್ಲ.

ಇಷ್ಟು ಅರ್ಧ ಕೆಲಸ. ಇನ್ನರ್ಧ ಇದಕ್ಕಿಂತ ದೊಡ್ಡದು: ಸಂಜೆ ದೀಪ ಹಚ್ಚುವ ಹೊತ್ತಿಗೆ ಅದೇ ಬೇರು ಮತ್ತೆ ಬೆಳ್ಳಗಾಗಿರಬೇಕು. ರಾತ್ರಿ ಹಸಿ ಬೇರು ಇಟ್ಟುಕೊಂಡು ಮಲಗುವ ವಾಂಡಾ ಒಂದಲ್ಲ ಒಂದು ದಿನ ಕೊಳೆಯುತ್ತದೆ. ನಮ್ಮ ಕರಾವಳಿಯಲ್ಲಿ ಇದಕ್ಕೆ ನೀರು ಕೊಡುವುದು ಸುಲಭ, ಒಣಗಿಸುವುದೇ ಕಷ್ಟ. ಹಾಗಾಗಿ ಸಿಪ್ಪೆ ತುಂಬಿದ ಕುಂಡ ಖಂಡಿತ ಬೇಡ. ಕಾರವಾರಕ್ಕೆ ವರ್ಷಕ್ಕೆ ಹತ್ತಿರ ಹತ್ತಿರ 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಬಟ್ಟೆಯೇ ಒಣಗುವುದಿಲ್ಲ, ಸಿಪ್ಪೆ ಎಲ್ಲಿ ಒಣಗುತ್ತದೆ ಹೇಳಿ. ಖಾಲಿ ಬುಟ್ಟಿ ಸಾಕು. ಗಿಡ ಅಲ್ಲಾಡದಂತೆ ನಾಲ್ಕು ದೊಡ್ಡ ಇದ್ದಿಲು ತುಂಡು ಇಡಬಹುದು, ಅದಕ್ಕಿಂತ ಜಾಸ್ತಿ ಬೇಡ.

ಈಗ ಬಾಯಾರಿದ ಗಿಡಕ್ಕೆ ಔಷಧಿ ಇಷ್ಟೇ. ಎರಡು ವಾರ ದಿನಾ ಬೆಳಿಗ್ಗೆ ಬಕೆಟ್ ನೀರಿನಲ್ಲಿ ಬೇರನ್ನು ಅರ್ಧ ತಾಸು ಮುಳುಗಿಸಿಡಿ. ಸುಳಿ ಮಾತ್ರ ಮುಳುಗಬಾರದು. ಆಮೇಲೆ ಗಾಳಿ ಆಡುವಲ್ಲಿ ತೂಗುಹಾಕಿ. ಸತ್ತ ಬೇರು ಯಾವುದು ಅಂತ ತಿಳಿಯಲು ಬೆರಳಿನಿಂದ ಒತ್ತಿ ನೋಡಿ. ಟೊಳ್ಳಾಗಿ, ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದರೆ ಕತ್ತರಿಸಿ. ಗಟ್ಟಿ ಇದ್ದರೆ ಮುಟ್ಟಬೇಡಿ, ಬಣ್ಣ ಎಷ್ಟೇ ಕೆಟ್ಟಿರಲಿ. ಸುಕ್ಕು ಬಿದ್ದ ಹಳೆ ಎಲೆ ಪೂರ್ತಿ ಸರಿಯಾಗುವುದಿಲ್ಲ, ಆ ಆಸೆ ಬಿಡಿ. ನೋಡಬೇಕಾದ್ದು ಬೇರಿನ ತುದಿ. ಅಲ್ಲಿ ಹೊಸದಾಗಿ ಹಸಿರೋ ನೇರಳೆಯೋ ಹೊಳೆಯುವ ತುದಿ ಒಂದು ಸೆಂಟಿಮೀಟರ್ ಬಂದರೂ ಗಿಡ ಬದುಕಿತು ಅಂತ ಲೆಕ್ಕ.

ಕುಮಟಾದಿಂದ:

ಮೇಲಿನವರು ಹೇಳಿದ್ದೆಲ್ಲ ಸರಿ. ಒಂದು ಸೇರಿಸುತ್ತೇನೆ. ಯಾವ ನೀರು ಅಂತ ನೋಡಿ. ನಮ್ಮ ಮನೆ ಸಮುದ್ರದಿಂದ ಒಂದು ಕಿಲೋಮೀಟರ್ ಒಳಗೇ ಇದೆ. ಏಪ್ರಿಲ್ ಮುಗಿಯುವಾಗ ಬಾವಿ ನೀರು ಸ್ವಲ್ಪ ಉಪ್ಪಾಗುತ್ತದೆ, ಚಹಾ ಕುಡಿದರೆ ಗೊತ್ತಾಗುತ್ತದೆ. ಅದೇ ನೀರು ಹಾಕಿ ವಾಂಡಾದ ಬೇರಿನ ತುದಿಗಳೆಲ್ಲ ಕಪ್ಪಾದವು, ಬೇರಿನ ಮೇಲೆ ಬಿಳಿ ಪುಡಿ ಕೂತಿತ್ತು. ಈಗ ಮಳೆ ಬಿಡುವ ಮೊದಲು ಎರಡು ಡ್ರಮ್ ಮಳೆನೀರು ಹಿಡಿದು ಬಿಗಿಯಾಗಿ ಮುಚ್ಚಿ ಇಡುತ್ತೇನೆ, ಸೊಳ್ಳೆ ಬರಬಾರದಲ್ವಾ. ಬೇಸಿಗೆಯಲ್ಲಿ ಆರ್ಕಿಡ್‌ಗೆ ಅದೊಂದೇ ನೀರು. ನೀರು ಶುದ್ಧ ಮಾಡುವ ಮೆಶಿನ್ನಿನಿಂದ ಹೊರಗೆ ಹೋಗುವ ನೀರು ವ್ಯರ್ಥ ಆಗಬಾರದು ಅಂತ ಕೆಲವರು ಗಿಡಕ್ಕೆ ಹಾಕುತ್ತಾರೆ. ಅದರಲ್ಲಿ ಉಪ್ಪು ಇನ್ನೂ ಜಾಸ್ತಿ. ಆರ್ಕಿಡ್‌ಗೆ ಬೇಡವೇ ಬೇಡ.

ಶಿರಸಿ ಹತ್ತಿರದ ಹಳ್ಳಿಯಿಂದ:

ತಂಗೀ, ನಿನ್ನ ಗಿಡದ ಎಲೆ ಯಾವ ಹಸಿರು ಅಂತ ಹೇಳಲಿಲ್ಲ. ಹೂ ಬಿಡದೇ ಇರುವುದಕ್ಕೆ ಮುಖ್ಯ ಕಾರಣ ಬೆಳಕು. ಎಲೆ ಕಡು ಹಸಿರಾಗಿ ಮೆತ್ತಗಿದ್ದರೆ ಬೆಳಕು ಸಾಲದು. ಬಾಳೆಯ ಎಳೆ ಎಲೆಯ ಹಾಗೆ ತಿಳಿ ಹಸಿರು ಇರಬೇಕು. ಅಲ್ಲಲ್ಲಿ ಕೆಂಪು ಚುಕ್ಕೆ ಬಂದರೆ ಬಿಸಿಲು ಗಡಿಯಲ್ಲಿದೆ ಅಂತ. ಕಪ್ಪು ಕಲೆ ಸುಟ್ಟ ಹಾಗೆ ಬಿದ್ದರೆ ಜಾಸ್ತಿಯಾಯಿತು. ಪಟ್ಟಿಯ ಹಾಗೆ ಅಗಲ ಎಲೆ ಇದ್ದರೆ ಬೆಳಗಿನ ಬಿಸಿಲು ನೇರವಾಗಿ ಬೀಳಲಿ, ಹತ್ತು ಗಂಟೆ ಮೇಲೆ ಶೇ. 50ರ ಶೇಡ್ ನೆಟ್ ಸಾಕು. ಪೆನ್ಸಿಲ್ ಹಾಗೆ ಉರುಟು ಎಲೆಯದ್ದು ಬೇರೆ ಜಾತಿ, ಅದಕ್ಕೆ ಇಡೀ ದಿನದ ಬಿಸಿಲು ಬೇಕು. ಸಿಂಗಾಪುರದ ರಾಷ್ಟ್ರೀಯ ಹೂ ಆ ನಮೂನೆಯದ್ದೇ. ನೆರಳಿನಿಂದ ಬಿಸಿಲಿಗೆ ಒಂದೇ ದಿನಕ್ಕೆ ತರಬೇಡ, ಹದಿನೈದು ದಿನದಲ್ಲಿ ಸ್ವಲ್ಪ ಸ್ವಲ್ಪ ಸರಿಸು.

ನಮ್ಮಲ್ಲಿ ಅಂಗಳದ ಅಡಿಕೆ ಮರಗಳಿಗೆ ತೆಂಗಿನ ನಾರಿನ ಹುರಿಯಲ್ಲಿ ಕಟ್ಟಿ ಬೆಳೆಸಿದ್ದೆ. ಒಂದು ವರ್ಷದಲ್ಲಿ ಬೇರು ಮರವನ್ನು ಅಪ್ಪಿಕೊಂಡಿತು, ಹುರಿ ಬಿಚ್ಚಿದರೂ ಅಲ್ಲಾಡಲಿಲ್ಲ. ಎಷ್ಟು ಚೆಂದ ಇತ್ತು. ಆದರೆ ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯಬೇಕಲ್ಲ, ಮೈಲುತುತ್ತದ ನೀರು ಮೇಲಿನಿಂದ ಇಳಿದು ಇಳಿದು ಪಕ್ಕದಲ್ಲಿದ್ದ ಇನ್ನೊಂದು ಬಗೆಯ ಆರ್ಕಿಡ್, ಡೆಂಡ್ರೋಬಿಯಂ, ಎಲ್ಲ ಹೋಯಿತು. ತಾಮ್ರದ ಔಷಧಿ ಡೆಂಡ್ರೋಬಿಯಂಗೆ ಆಗುವುದೇ ಇಲ್ಲ. ವಾಂಡಾ ತಡೆಯಿತು, ಆದರೆ ಬೇರಿನ ತುದಿ ಸುಟ್ಟಿತು. ತೋಟ ಇದ್ದವರು ಔಷಧಿ ಹೊಡೆಯುವ ಮರಕ್ಕೆ ಆರ್ಕಿಡ್ ಕಟ್ಟಬೇಡಿ. ಈಗ ನಮ್ಮದು ಅಂಗಳದಂಚಿನ ಪೇರಲ ಮರದಲ್ಲಿದೆ.

ನಿನ್ನ ನೇರಳೆ ಗಿಡದ ಬಗ್ಗೆ ಒಂದು ಮಾತು. ಇಂಥ ನೀಲಿ, ನೇರಳೆ ತಳಿಗಳಲ್ಲಿ ಬಹಳಷ್ಟಕ್ಕೆ ಮೂಲ ನಮ್ಮ ಮೇಘಾಲಯದ ಖಾಸಿ ಬೆಟ್ಟದ ನೀಲಿ ವಾಂಡಾ. ತಂಪಿನ ಗಿಡ ಅದು. ಅದನ್ನು ಫಿಲಿಪ್ಪೀನ್ಸ್‌ನ ಸೆಕೆ ಊರಿನ ಸ್ಯಾಂಡೇರಿಯಾನಾ ಅನ್ನುವ ವಾಂಡಾ ಜೊತೆ ಕೂಡಿಸಿದ ತಳಿ 1931ರಲ್ಲಿ ಬಂತು, ಹೆಸರು ರೋಥ್‌ಸ್ಚೈಲ್ಡಿಯಾನಾ. ಆ ಬೆಟ್ಟದ ರಕ್ತ ಇರುವುದರಿಂದಲೋ ಏನೋ, ನನ್ನ ನೇರಳೆ ಗಿಡ ಶಿರಸಿಯ ಚಳಿ ಮುಗಿದ ಮೇಲೆ ಚೆನ್ನಾಗಿ ಹೂ ಬಿಡುತ್ತದೆ. ಗುಲಾಬಿ ಬಣ್ಣದ್ದು ಡಿಸೆಂಬರ್, ಜನವರಿಯಲ್ಲಿ ಸುಮ್ನೆ ನಿಂತುಬಿಡುತ್ತದೆ. ಬೇರಿನ ತುದಿ ಬಿಳಿ ಮುಚ್ಚಿಕೊಂಡರೆ ಗಿಡ ವಿಶ್ರಾಂತಿಯಲ್ಲಿದೆ ಅಂತ ತಿಳಿದು ಗೊಬ್ಬರ ಕಡಿಮೆ ಮಾಡು. ನಿಮ್ಮ ಕಾರವಾರದಲ್ಲಿ ಅಷ್ಟು ಚಳಿ ಇಲ್ಲ, ನಿನಗೆ ಗುಲಾಬಿಯೇ ಸುಲಭ ಆದೀತು.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ಎಲೆ ಕಡು ಹಸಿರೇ ಇದೆ. ಬಾಲ್ಕನಿಯ ಒಳಗೋಡೆಗೆ ತೂಗುಹಾಕಿದ್ದೆ, ಕಟಕಟೆ ಕಡೆಗೆ ತಂದಿದ್ದೇನೆ. ಅಣ್ಣಾ, ನೀವು ಹೇಳಿದ ಹಾಗೆ ಚೊಂಬಿನಿಂದ ನೀರು ಬಿಟ್ಟು ನೋಡಿದೆ. ಬೇರು ಹಸಿರಾಗುವುದನ್ನು ನಾನು ಇಷ್ಟು ದಿನ ನೋಡಿರಲೇ ಇಲ್ಲ! ಮಳೆಗಾಲಕ್ಕೆ ಏನು ಮಾಡಬೇಕು, ಗೊಬ್ಬರ ಯಾವುದು ಅಂತ ಹೇಳಿ.

ಕಾರವಾರದ ಹಬ್ಬುವಾಡದಿಂದ:

ಮೊದಲ ಒಂದೆರಡು ಮಳೆ ಗಿಡದ ಮೇಲೆ ಬೀಳಲಿ, ಅದಕ್ಕೂ ಖುಷಿ. ಜಡಿಮಳೆ ಹಿಡಿದ ಮೇಲೆ ಮಾಡಿನ ಕೆಳಗೆ ತನ್ನಿ. ಗಾಳಿ ಆಡಬೇಕು, ಇರಚಲು ಬಡಿಯಬಾರದು. ಜುಲೈನಲ್ಲಿ ನಾನು ಕೆಲವು ಸಲ ನಾಲ್ಕೈದು ದಿನ ನೀರೇ ಹಾಕುವುದಿಲ್ಲ. ಬೇರು ಬೆಳ್ಳಗಾದರೆ ಮಾತ್ರ ನೀರು, ಅದೂ ಬೆಳಿಗ್ಗೆ.

ಸುಳಿಯಲ್ಲಿ ನೀರು ನಿಲ್ಲುವುದು ಅತಿ ಅಪಾಯ. ವಾಂಡಾ ಬೆಳೆಯುವುದು ಅದೊಂದೇ ತುದಿಯಿಂದ. ಅದು ಕೊಳೆತರೆ ಆ ಕಾಂಡ ಅಲ್ಲಿಗೆ ನಿಂತಿತು. 2019ರ ಆಗಸ್ಟ್‌ನಲ್ಲಿ, ಕಾಳಿ ನದಿ ಉಕ್ಕಿ ಕದ್ರಾ ಕಡೆ ಎಲ್ಲ ನೀರಾದ ವಾರ, ನನಗೆ ಗಿಡ ನೋಡಲು ಪುರಸೊತ್ತಾಗಲಿಲ್ಲ. ನೋಡುವಾಗ ನನ್ನ ಹಳೆಯ ಗಿಡದ ಸುಳಿ ಎಳೆದರೆ ಕೈಗೇ ಬಂತು, ಬುಡ ಕಂದು, ಕೆಟ್ಟ ವಾಸನೆ. ಕೊಳೆತದ್ದು ಮುಗಿದು ಒಳ್ಳೆ ಹಸಿರು ಕಾಣುವವರೆಗೆ ಕತ್ತರಿಸಿದೆ. ಗಾಯಕ್ಕೆ ದಾಲ್ಚಿನ್ನಿ ಪುಡಿ ಮೆತ್ತಿ, ಒಂದು ವಾರ ನೀರು ಕೊಡದೆ ತೂಗುಹಾಕಿದೆ. ನಾಲ್ಕು ತಿಂಗಳ ಮೇಲೆ ಬುಡದಲ್ಲಿ ಎರಡು ಮರಿ ಎದ್ದವು. ಆ ದಿನದ ಸಂತೋಷ ಇವತ್ತಿಗೂ ನೆನಪಿದೆ. ಮರಿಗೆ ತನ್ನದೇ ಮೂರು ಬೇರು ಬರುವವರೆಗೆ ತಾಯಿಯಿಂದ ಬೇರೆ ಮಾಡಬೇಡಿ. ದಾಲ್ಚಿನ್ನಿ ಗಾಯಕ್ಕೆ ಮಾತ್ರ, ಬೇರಿಗೆ ತಾಗಿದರೆ ಬೇರು ಒಣಗುತ್ತದೆ. ಈಗ ಮಳೆ ದಿನಗಳಲ್ಲಿ ಸಂಜೆ ಒಮ್ಮೆ ಹತ್ತಿ ಬಟ್ಟೆಯ ಮೂಲೆ ಸುತ್ತಿ ಸುಳಿಯ ನೀರು ಹೀರಿಸಿ ತೆಗೆಯುತ್ತೇನೆ.

ಎಲೆ ಮೇಲೆ ಕಪ್ಪು ಚುಕ್ಕೆ ಹರಡುತ್ತಿದ್ದರೆ ಆ ಭಾಗ ಕತ್ತರಿಸಿ, ಮ್ಯಾಂಕೋಜೆಬ್ ಅನ್ನುವ ಶಿಲೀಂಧ್ರನಾಶಕ ಲೀಟರ್‌ಗೆ 2 ಗ್ರಾಂ ಕಲಸಿ ಹೊಡೆಯಿರಿ, ಕೈಗವಸು ಹಾಕಿಕೊಂಡೇ. ಒಂದು ಗಿಡ ಕತ್ತರಿಸಿದ ಬ್ಲೇಡನ್ನು ಬೆಂಕಿಗೆ ಹಿಡಿಯದೆ ಇನ್ನೊಂದಕ್ಕೆ ಮುಟ್ಟಿಸಬೇಡಿ. ರಾತ್ರಿ ಟಾರ್ಚ್ ಹಿಡಿದು ಬಸವನಹುಳು ಹುಡುಕಿ. ಎಳೆ ಬೇರಿನ ತುದಿ ಅದಕ್ಕೆ ಬಲು ಇಷ್ಟ.

ಗೊಬ್ಬರ ಸುಲಭ. 19:19:19, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ ನೀರಲ್ಲಿ ಕರಗುವ ಗೊಬ್ಬರ, ಲೀಟರ್‌ಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ. ಮೊದಲು ಬರೀ ನೀರು, ಬೇರು ಹಸಿರಾದ ಮೇಲೆ ಗೊಬ್ಬರದ ನೀರು. ಒಣ ಬೇರಿಗೆ ಗೊಬ್ಬರ ಹಾಕಿದರೆ ಸುಡುತ್ತದೆ.

ಅಂಕೋಲಾದಿಂದ:

ನರ್ಸರಿ ಗಿಡದ ಮಾತು ಬಂತು, ನಮ್ಮದೇ ವಾಂಡಾ ಮರೆತುಬಿಟ್ಟಿರಿ. ನಮ್ಮ ಇಶಾಡ ಮಾವಿನ ಮರದಲ್ಲಿ ಅಜ್ಜನ ಕಾಲದಿಂದ ಒಂದು ವಾಂಡಾ ಟೆಸೆಲ್ಲಾಟಾ ಇದೆ. ಹಳದಿ ಹಸಿರು ದಳದ ಮೇಲೆ ಕಂದು ಬಲೆ ನೇಯ್ದ ಹಾಗೆ ಗೆರೆ, ನಡುವಿನ ತುಟಿ ನೀಲಿ ನೇರಳೆ. ಬೆಳಿಗ್ಗೆ ಮರದ ಕೆಳಗೆ ನಿಂತರೆ ಪರಿಮಳ ಬರುತ್ತದೆ. ಹೋದ ವರ್ಷ ಮರ ಸವರಲು ಬಂದವರು ಬಂದಳಿಕೆ ಅಂತ ಇದನ್ನೂ ಕೀಳಲು ಹೊರಟಿದ್ದರು. ಓಡಿ ಹೋಗಿ ತಡೆದೆ. ಬಂದಳಿಕೆ ಕೊಂಬೆಯೊಳಗೆ ಬೇರು ಇಳಿಸಿ ಮರದ ರಸ ಹೀರುತ್ತದೆ. ಇದು ತೊಗಟೆ ಹಿಡಿದು ಕೂತಿರುತ್ತದೆ ಅಷ್ಟೇ, ಗಾಳಿ ಮಳೆಯಲ್ಲೇ ಅದರ ಊಟ. ಸಂಸ್ಕೃತದಲ್ಲಿ ಇಂಥ ಮರ ಹತ್ತಿದ ಗಿಡಗಳಿಗೆಲ್ಲ ವಂದಾ ಅನ್ನುತ್ತಿದ್ದರು, ವಾಂಡಾ ಅನ್ನುವ ಹೆಸರು ಬಂದದ್ದೂ ಅಲ್ಲಿಂದಲೇ.

ಘಟ್ಟದ ಮೇಲಿನವರು ಸೀತಾಳೆ ದಂಡೆ ಅಂತ ಕರೆಯುವುದೂ ಇದರ ಹತ್ತಿರದ ನೆಂಟ. ಅಸ್ಸಾಮಿನವರು ಬಿಹು ಹಬ್ಬಕ್ಕೆ ಮುಡಿಯುವ ಹೂ ಅದೇ. ದಯವಿಟ್ಟು ಚೆಂದ ಕಂಡಿತು ಅಂತ ಕಾಡಿನಿಂದ ಕಿತ್ತು ತರಬೇಡಿ. ಕಾನೂನಿಗೂ ವಿರುದ್ಧ, ಮೇಲಾಗಿ ಕಿತ್ತು ತಂದದ್ದು ಮನೆಯಲ್ಲಿ ಬದುಕುವುದೂ ಕಷ್ಟ. ನಿಮ್ಮ ಹಿತ್ತಲಿನ ಮರದಲ್ಲಿದ್ದರೆ ಅಲ್ಲೇ ಇರಲಿ.

ಕೇಳಿದವರು, ಅಕ್ಟೋಬರ್‌ನಲ್ಲಿ:

ಮಳೆಗಾಲ ದಾಟಿತು. ಗುಲಾಬಿ ಗಿಡಕ್ಕೆ ಆರು ಹೊಸ ಬೇರು ಬಂದಿವೆ. ನೇರಳೆ ಗಿಡದ ಎರಡು ಎಲೆ ಕಪ್ಪು ಚುಕ್ಕೆಗೆ ಹೋದವು, ಉಳಿದದ್ದು ಗಟ್ಟಿ ಇದೆ. ಈಗ ಗುಲಾಬಿಯಲ್ಲಿ ಮೇಲಿನಿಂದ ನಾಲ್ಕನೇ ಎಲೆಯ ಸಂದಿಯಲ್ಲಿ ಹಸಿರಾಗಿ ಏನೋ ಇಣುಕುತ್ತಿದೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಬೇರೋ, ಹೂಗೊನೆಯೋ? ತುದಿ ಚೂಪಾಗಿದೆ, ಒಂದು ಪಕ್ಕದಲ್ಲಿ ಸಣ್ಣ ಉಬ್ಬು ಇದೆ.

ಕಾರವಾರದ ಹಬ್ಬುವಾಡದಿಂದ:

ಬೇರಿನ ತುದಿ ಯಾವಾಗಲೂ ಉರುಟು, ನಯ. ಉಬ್ಬು, ಮಡಿಕೆ ಏನೂ ಇರುವುದಿಲ್ಲ. ಚೂಪು ಇದೆ, ಉಬ್ಬಿದೆ ಅಂದರೆ ಅದು ಹೂಗೊನೆಯೇ ಅಕ್ಕಾ! ಇವತ್ತಿನಿಂದ ಬುಟ್ಟಿಯನ್ನು ತಿರುಗಿಸಬೇಡಿ. ಗೊನೆ ಬೆಳಕಿನ ಕಡೆಗೆ ಬೆಳೆಯುತ್ತದೆ, ದಿಕ್ಕು ಬದಲಾದರೆ ಹೂಗಳು ಒಂದೊಂದು ಕಡೆ ಮುಖ ಮಾಡುತ್ತವೆ. ಬಾಲ್ಕನಿಯ ಯಾವ ಕೊಕ್ಕೆಯಲ್ಲಿದೆಯೋ ಅಲ್ಲೇ ಇರಲಿ, ನೀರು ಹಾಕಲೂ ಕೆಳಗೆ ಇಳಿಸಬೇಡಿ. ಮೊದಲ ಮೊಗ್ಗು ಬಿರಿದ ದಿನ ಇಲ್ಲಿ ಫೋಟೋ ಹಾಕಿ.